ಅಲ್ಯೂಮಿನಾ ಸ್ಲೀವ್ ನುಣುಪಾಗುವ ಮುಂಚೆ

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಮಷೀನ್ ಶಾಪ್ ಇದೆ. ದಾಲ್ ಮಿಲ್ಲಿನ ಶಾಫ್ಟು, ಪಂಪಿನ ಬಿಡಿಭಾಗಗಳೇ ಜಾಸ್ತಿ. ಒಂದು ದಿನ ಗಿರಾಕಿಯೊಬ್ಬರು ಅಲ್ಯೂಮಿನಾ ಸ್ಲೀವ್ ತಂದರು. ಪಂಪಿನ ಶಾಫ್ಟಿಗೆ ತೊಡಿಸುವ ಬಿಳಿ ಸೆರಾಮಿಕ್ ಕೊಳವೆ ಅದು. ಹೊರಮೈ 0.4 ಮೈಕ್ರಾನ್ ಆರ್‌ಎ ಒಳಗೇ ಇರಬೇಕು ಎಂದರು. ಆರ್‌ಎ ಎಂದರೆ ಮೈಯ ಸರಾಸರಿ ಒರಟುತನದ ಅಳತೆ, ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಒರಟಾಗಿದ್ದರೆ ಸ್ಲೀವ್, ಸೋರದಂತೆ ಅದರ ಸುತ್ತ ತುಂಬುವ ಗ್ಲ್ಯಾಂಡ್ ಹಗ್ಗವನ್ನು ಅರದ ಹಾಗೆ ತಿಂದುಹಾಕುತ್ತದೆ, ಪಂಪು ಸೋರುತ್ತದೆ.

ಮೊದಲು ಲೇತಿನಲ್ಲಿ ಕಾರ್ಬೈಡ್ ಟಿಪ್, ಅಂದರೆ ಲೋಹ ಕಡಿಯುವ ಗಟ್ಟಿ ಮೊನೆ ಹಚ್ಚಿ ನೋಡಿದೆ. ಅರೆ ನಿಮಿಷವೂ ಬಾಳಲಿಲ್ಲ. ಭಟ್ಟಿಯಲ್ಲಿ ಸುಟ್ಟ ಅಲ್ಯೂಮಿನಾ ಗಟ್ಟಿತನದಲ್ಲಿ ಕಾರ್ಬೈಡಿಗೆ ಸಮ. ಸುಡುವ ಮುಂಚೆ ಸೀಮೆಸುಣ್ಣದ ಹಾಗಿರುವಾಗ ಸುಲಭವಾಗಿ ಕಡೆಯಬಹುದು. ಆದರೆ ಸುಟ್ಟ ಮೇಲೆ ಅದು ಶೇ. 15-20ರಷ್ಟು ಕುಗ್ಗುತ್ತದೆ, ಅಲ್ವಾ? ನಿಖರ ಅಳತೆ ಬೇಕೆಂದರೆ ಕೊನೆಗೆ ವಜ್ರದ ಹರಳು ಕೂಡಿಸಿದ ಸಾಣೆ ವೀಲೇ ಗತಿ.

120 ಗ್ರಿಟ್ಟಿನ ಮೆಟಲ್ ಬಾಂಡ್ ವೀಲ್ ತಂದೆ. ಅದರಲ್ಲಿ ಹರಳನ್ನು ಹಿಡಿದಿಡುವುದು ಲೋಹ; ಗ್ರಿಟ್ ನಂಬರ್ ಹೆಚ್ಚಿದಷ್ಟೂ ಹರಳು ಸಣ್ಣ. ಬೇಗ ಬೇಗ ಸವೆಸಿತು. ಆದರೆ ಒರಟುತನ ಅಳೆಯುವ ಟೆಸ್ಟರ್ 1.1 ತೋರಿಸಿತು. ಭೂತಗನ್ನಡಿಯಲ್ಲಿ ನೋಡಿದರೆ ಗೆರೆಗಿಂತ ಗುಳಿಗಳೇ ಹೆಚ್ಚು. ಉಕ್ಕಾದರೆ ಸುರುಳಿಯಾಗಿ ಏಳುತ್ತದೆ. ಸೆರಾಮಿಕ್ ಒಡೆಯುತ್ತದೆ. ದಪ್ಪ ವಜ್ರದ ಹರಳು ಆಳಕ್ಕೆ ಒತ್ತಿದಾಗ ಬಿರುಕು ಎದ್ದು ಕಣಗಳು ಬುಡಸಮೇತ ಕಿತ್ತು ಬರುತ್ತವೆ. ಹರಳು ಸಣ್ಣದಿದ್ದು ಕಡಿತ ತೆಳುವಾದಷ್ಟೂ ಈ ಒಡಕು ಕಡಿಮೆ.

ಆಮೇಲೆ 400 ಗ್ರಿಟ್ಟಿನ ರೆಸಿನ್ ಬಾಂಡ್ ವೀಲ್ ಹಾಕಿದೆ. ಇದರಲ್ಲಿ ಹರಳನ್ನು ಹಿಡಿದಿಡುವುದು ರೆಸಿನ್ ಎಂಬ ಅಂಟು. ಅದು ಸ್ವಲ್ಪ ಮಣಿಯುತ್ತದೆ, ಹರಳಿನ ಏಟು ಮೆತ್ತಗೆ ಬೀಳುತ್ತದೆ. ಒಂದು ಸಲಕ್ಕೆ 5 ಮೈಕ್ರಾನ್ ಮಾತ್ರ ಇಳಿಸಿದೆ. ಆದರೂ 0.7! ಒಂದು ವಾರ ಇದೇ ತಲೆನೋವು. ಉತ್ತರ ಸಿಕ್ಕಿದ್ದು ಶಹಾಬಾದ್ ಕಲ್ಲಿಗೆ ಪಾಲಿಶ್ ಹಿಡಿಯುವವರನ್ನು ನೆನೆದಾಗ. ಹಿಂದಿನ ನಂಬರಿನ ಗೆರೆ ಪೂರಾ ಹೋಗುವವರೆಗೆ ಅವರು ಮುಂದಿನ ನಂಬರ್ ಮುಟ್ಟುವುದಿಲ್ಲ. ನಾನು ಒರಟು ವೀಲಿನಲ್ಲೇ ಅಳತೆಯ ಹತ್ತಿರಕ್ಕೆ ಹೋಗಿ, ಕೊನೆಗೆ ಬರೀ 20 ಮೈಕ್ರಾನ್ ಉಳಿಸಿದ್ದೆ. ಹಳೆಯ ಗುಳಿಗಳ ತಳ ಹಾಗೇ ಇತ್ತು. ಈಗ 80-100 ಮೈಕ್ರಾನ್ ಬಿಡುತ್ತೇನೆ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ವೀಲಿನ ಸದ್ದಿಗೂ ಕಿವಿ ಕೊಡಬೇಕು. ನಾಲ್ಕೈದು ಸ್ಲೀವ್ ಆದ ಮೇಲೆ ಅದು ಕಿರುಗುಟ್ಟುತ್ತದೆ. ಹರಳು ಮೊಂಡಾಗಿದೆ ಎಂದರ್ಥ. ಆಗ ವೀಲ್ ಕಡಿಯದೆ ಸುಮ್ನೆ ಉಜ್ಜುತ್ತದೆ. ಮೈಗೆ ಹೊಳಪು ಬಂದಂತೆ ಕಾಣುತ್ತದೆ, ಆದರೆ ಒತ್ತಡ ಏರಿ ಅಂಚು ಚಕ್ಕೆ ಏಳುತ್ತದೆ. ವೀಲನ್ನು ಚೂಪು ಮಾಡುವ ಬಿಳಿ ಕಲ್ಲು, ಡ್ರೆಸಿಂಗ್ ಸ್ಟಿಕ್ ಹಿಡಿದರೆ ರೆಸಿನ್ ಸವೆದು ಹೊಸ ಹರಳು ಹೊರಬರುತ್ತದೆ. ಮೊದಲೇ ಅಂಚಿಗೆ ಸಣ್ಣ ಚೇಂಫರ್ (ಓರೆ ಇಳಿಜಾರು) ಕೊಡುವುದನ್ನೂ ರೂಢಿ ಮಾಡಿಕೊಂಡಿದ್ದೇನೆ.

ಕೊನೆಗೆ ಉಳಿದದ್ದು ಅಲ್ಲಲ್ಲಿ ಒಂಟಿ ಗೀರು. ಅದು ವೀಲನ್ನು ತಂಪಾಗಿಡಲು ಹರಿಸುವ ನೀರಿನಿಂದ, ಅಂದರೆ ಕೂಲೆಂಟಿನಿಂದ ಬರುತ್ತಿತ್ತು. ನಮ್ಮ ಮೇ ತಿಂಗಳ ಬಿಸಿಲಿಗೆ ಟ್ಯಾಂಕಿನ ನೀರು ಆವಿಯಾಗಿ ತಗ್ಗಿ, ತಳದ ಬಿಳಿ ಕೆಸರು ಮತ್ತೆ ವೀಲಿನಡಿಗೆ ಹೋಗುತ್ತಿತ್ತು. ಎರಡನೇ ಟ್ಯಾಂಕ್ ಇಟ್ಟು, ಬಟ್ಟೆ ಕಟ್ಟಿ ಸೋಸಿದೆ. ಮುಂದಿನ ಸ್ಲೀವ್ 0.32ಕ್ಕೆ ನಿಂತಿತು. ಉದ್ದಕ್ಕೂ ಉಗುರು ಎಳೆದು ನೋಡಿದೆ, ಎಲ್ಲೂ ತಡೆಯಲಿಲ್ಲ.