ಲಾನ್ ತೆಗೆದು ಕಲ್ಲು ಹಾಸುವುದು ಹೇಗೆ? ಮಳೆನೀರು ಇಂಗುವ ಅಂಗಳಕ್ಕೆ ಹಂತ ಹಂತದ ಕೆಲಸ

ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಮಳೆ ಬಂದರೆ ಕೆರೆ, ಇಲ್ಲದಿದ್ದರೆ ಬೋರ್‌ವೆಲ್. ಸಾವಿರ ಅಡಿ ದಾಟಿದ ಬೋರ್‌ವೆಲ್ ಅಂದರೆ ಇಲ್ಲಿ ಯಾರಿಗೂ ಆಶ್ಚರ್ಯವಿಲ್ಲ. 2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ನಮ್ಮ ಕೆರೆಗಳಿಗೆ ತುಂಬಿಸುತ್ತಿರುವುದೂ ಅಂತರ್ಜಲ ಏರಲಿ ಅಂತಲೇ. ಇಂಥ ಊರಿನಲ್ಲಿ ಮನೆ ಮುಂದಿನ ಲಾನ್ ಎಷ್ಟು ನೀರು ಕುಡಿಯುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ.

ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಜಾಗ ಅಂದುಕೊಳ್ಳಿ. 200 ಚದರ ಅಡಿ. ಬಿರುಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಬೇಕಾದರೆ ದಿನಕ್ಕೆ ಸುಮಾರು 5 ಮಿ.ಮೀ. ನೀರು ಹಾಯಿಸಬೇಕು. ಈ ಜಾಗಕ್ಕೆ ಅದು 90 ಲೀಟರ್. ಮಾರ್ಚ್‌ನಿಂದ ಮೇ ತನಕ ಎಂಟು ಸಾವಿರ ಲೀಟರ್ ದಾಟುತ್ತದೆ. ಮನೆಗೆ ಟ್ಯಾಂಕರ್ ತರಿಸುವ ತಿಂಗಳುಗಳೂ ಅವೇ ಅಲ್ವಾ?

ಹಾಗಾಗಿ ಲಾನ್ ತೆಗೆದು ಕಲ್ಲು ಹಾಸುವುದು ಒಳ್ಳೆಯ ಯೋಚನೆ. ಆದರೆ ಕಲ್ಲಿನ ಕೆಳಗೆ ಕಾಂಕ್ರೀಟ್ ಸುರಿಸಬೇಡಿ. ಒಂದು ಇಂಚು ಮಳೆ ಬಂದರೆ ಇದೇ 200 ಚದರ ಅಡಿ ಮೇಲೆ 470 ಲೀಟರ್ ನೀರು ಬೀಳುತ್ತದೆ. ಆ ನೀರು ಮಣ್ಣಿಗೆ ಇಳಿಯಬೇಕೋ, ರಸ್ತೆ ಚರಂಡಿಗೆ ಓಡಬೇಕೋ ಅನ್ನುವುದು ಕಲ್ಲಿನ ಅಡಿಯಲ್ಲಿ ನೀವು ಏನು ಹಾಕುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಮೇಲಿನ ಕಲ್ಲನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ಅಡಿಯ ಕೆಲಸ ಮಾತ್ರ ಮೊದಲ ಸಲವೇ ಸರಿಯಾಗಬೇಕು.

ಮೊದಲು ಗುರುತು ಹಾಕಿ

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸಂಪು ಮುಂದಿನ ಅಂಗಳದಲ್ಲೇ ಇರುತ್ತದೆ. ಅದರ ಮುಚ್ಚಳ, ನೀರಿನ ಮೀಟರ್, ಚೇಂಬರ್ ಎಲ್ಲಿವೆ ಅಂತ ಸುಣ್ಣದ ಪುಡಿಯಲ್ಲಿ ಗುರುತು ಮಾಡಿ. ಇವುಗಳನ್ನು ಕಲ್ಲಿನಡಿ ಮುಚ್ಚಬಾರದು. ಸಂಪಿನ ಬಾಯಿ ಕಲ್ಲಿನ ಮಟ್ಟಕ್ಕಿಂತ ನಾಲ್ಕು ಇಂಚಾದರೂ ಮೇಲಿರಲಿ. ತಗ್ಗಿದ್ದರೆ ಸುತ್ತ ಒಂದು ಸಾಲು ಇಟ್ಟಿಗೆ ಕಟ್ಟಿಸಿ, ಒಳಗೂ ಹೊರಗೂ ಪ್ಲಾಸ್ಟರ್ ಮಾಡಿಸಿ. ಇಲ್ಲದಿದ್ದರೆ ಮಳೆ ಬಂದಾಗ ಅಂಗಳದ ನೀರು ಕುಡಿಯುವ ನೀರಿಗೆ ಸೇರುತ್ತದೆ.

ರಂಗೋಲಿ ಜಾಗವನ್ನೂ ಈಗಲೇ ಬಿಡಿಸಿಡಿ. ಜಲ್ಲಿ ಮೇಲೆ ರಂಗೋಲಿ ನಿಲ್ಲುವುದಿಲ್ಲ. ಬಾಗಿಲ ಮುಂದೆ ನಾಲ್ಕಡಿ ಚೌಕದ ಜಾಗಕ್ಕೆ ಬೂದು ಗ್ರಾನೈಟ್ ಚಪ್ಪಡಿ ಹಾಕಿಸಿ. ಗೇಟಿನಿಂದ ಬಾಗಿಲ ತನಕವೂ ಚಪ್ಪಡಿ ಇರಲಿ. ವಯಸ್ಸಾದವರಿಗೆ ಬಿಡಿ ಕಲ್ಲಿನ ಮೇಲೆ ನಡೆಯುವುದು ಕಷ್ಟ.

ಹುಲ್ಲು ತೆಗೆಯುವುದು

ಇಲ್ಲಿ ಅವಸರ ಬೇಡ. ಮೆಕ್ಸಿಕನ್ ಆಗಲಿ ಕೊರಿಯನ್ ಆಗಲಿ, ಲಾನ್ ಹುಲ್ಲು ಬೇರಿನ ಬಳ್ಳಿಯಿಂದಲೇ ಮತ್ತೆ ಹುಟ್ಟುತ್ತದೆ. ಗರಿಕೆಯೂ ಹಾಗೆಯೇ. ಮೇಲೆ ಕೆತ್ತಿದರೆ ಸಾಲದು. ಹಿಂದಿನ ದಿನ ಸ್ವಲ್ಪ ನೀರು ಹಾಕಿ ಮಣ್ಣು ಮೆತ್ತಗಾಗಲು ಬಿಡಿ. ಆಮೇಲೆ ಚನಿಕೆಯಿಂದ ಮೂರು ನಾಲ್ಕು ಇಂಚು ಆಳಕ್ಕೆ, ಒಂದೊಂದು ಅಡಿಯ ತುಂಡಾಗಿ ಬೇರು ಸಮೇತ ಎಬ್ಬಿಸಿ. ಆ ತುಂಡುಗಳನ್ನು ಎಸೆಯಬೇಡಿ. ಹಿತ್ತಲಲ್ಲಿ ಬೇರು ಮೇಲಾಗಿ ಪೇರಿಸಿ ಮುಚ್ಚಿಟ್ಟರೆ ಕೆಲವು ತಿಂಗಳಲ್ಲಿ ಒಳ್ಳೆಯ ಗೊಬ್ಬರದ ಮಣ್ಣು ಸಿಗುತ್ತದೆ.

ನಿಜವಾದ ತಲೆನೋವು ತುಂಗೆ ಗಡ್ಡೆ. ಎಷ್ಟು ಕಿತ್ತರೂ ಮಣ್ಣಿನಲ್ಲಿ ಒಂದು ಗಡ್ಡೆ ಉಳಿದರೆ ಸಾಕು, ಕಲ್ಲಿನ ಸಂದಿನಿಂದ ಮೊಳಕೆ ಬರುತ್ತದೆ. ಅದಕ್ಕೇ ಈ ಕೆಲಸವನ್ನು ಏಪ್ರಿಲ್ ಶುರುವಿನಲ್ಲಿ ಹಿಡಿಯಿರಿ. ಹುಲ್ಲು ತೆಗೆದ ನೆಲವನ್ನು ಒಮ್ಮೆ ಚೆನ್ನಾಗಿ ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಶೀಟ್ ಬಿಗಿಯಾಗಿ ಹೊದಿಸಿ. ಅಂಚಿಗೆಲ್ಲ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಹಾಗೇ ಬಿಡಿ. ಬಿಸಿಲಿನ ಕಾವಿಗೆ ಕಳೆ ಬೀಜ, ಎಳೆ ಬೇರು ಬಹುಪಾಲು ಸಾಯುತ್ತವೆ. ತುಂಗೆ ಪೂರ್ತಿ ಹೋಗುವುದಿಲ್ಲ, ಆದರೆ ಬಲ ಕುಂದುತ್ತದೆ. ಕಳೆನಾಶಕ ಹೊಡೆಯುವ ಯೋಚನೆ ಬಿಡಿ. ಪಕ್ಕದಲ್ಲೇ ಸಂಪು ಇರುವ ಅಂಗಳಕ್ಕೆ ಅದು ಬೇಡವೇ ಬೇಡ.

ಇಳಿಜಾರು, ಇಂಗುಗುಂಡಿ

ಮನೆಯ ಪಾಯದಿಂದ ಕಾಂಪೌಂಡ್ ಕಡೆಗೆ ಹತ್ತಡಿಗೆ ಎರಡೂವರೆ ಇಂಚು ಇಳಿಜಾರು ಬೇಕು. ಮೇಸ್ತ್ರಿಗಳು ಬಳಸುವ ಟ್ಯೂಬ್ ಲೆವೆಲ್‌ನಲ್ಲಿ (ನೀರು ತುಂಬಿದ ಪಾರದರ್ಶಕ ಪೈಪು) ನೀವೇ ನೋಡಿಕೊಳ್ಳಬಹುದು. ಮಣ್ಣು ಸಮ ಮಾಡಿದ ಮೇಲೆ ದಿಮ್ಮಸಿನಿಂದ ಹಗುರವಾಗಿ ಬಡಿದರೆ ಸಾಕು. ಜಾಸ್ತಿ ಬಡಿದರೆ ಕೆಂಪು ಮಣ್ಣು ಗಟ್ಟಿಯಾಗಿ ನೀರು ಇಳಿಯುವುದೇ ಇಲ್ಲ.

ತಗ್ಗಿನ ತುದಿಯಲ್ಲಿ ಎರಡಡಿ ಚೌಕ, ಮೂರಡಿ ಆಳದ ಗುಂಡಿ ತೆಗೆಸಿ. ಕಾಂಪೌಂಡ್ ಗೋಡೆಯಿಂದ ಎರಡಡಿ ದೂರವಿರಲಿ. ಸಂಪಿನಿಂದ ಆದಷ್ಟು ದೂರವಿರಲಿ. ಕೆಳಗೆ 40 ಮಿ.ಮೀ. ಜಲ್ಲಿ, ಮೇಲಿನ ಒಂದಡಿಗೆ 20 ಮಿ.ಮೀ. ಜಲ್ಲಿ ತುಂಬಿಸಿ. ಜಲ್ಲಿಯ ಸಂದಿನಲ್ಲೇ ನೂರು ಲೀಟರಿಗೂ ಜಾಸ್ತಿ ನೀರು ನಿಂತು ನಿಧಾನವಾಗಿ ಇಂಗುತ್ತದೆ. ಕೋಲಾರದಲ್ಲಿ ಜೋರು ಮಳೆ ಬರುವುದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ಈ ಗುಂಡಿಯ ಬೆಲೆ ಗೊತ್ತಾಗುತ್ತದೆ.

ಕಲ್ಲಿನಡಿ ಬಟ್ಟೆ ಹಾಸಬೇಕಾ?

ಹಾಸಿ, ಆದರೆ ಟಾರ್ಪಾಲ್ ಅಲ್ಲ. ಅದರಲ್ಲಿ ನೀರು ಇಳಿಯದೆ ನಿಲ್ಲುತ್ತದೆ, ವಾಸನೆ ಬರುತ್ತದೆ, ಸೊಳ್ಳೆ ಆಗುತ್ತದೆ. ನೀರು ಸೋರುವ, ನೇಯ್ಗೆ ಇಲ್ಲದ ಜಿಯೋಟೆಕ್ಸ್‌ಟೈಲ್ ಬಟ್ಟೆ ತನ್ನಿ. ಕೊನೆಗಳು ಒಂದರ ಮೇಲೊಂದು ಅರ್ಧ ಅಡಿ ಬರಲಿ. ಗಿಡ ನೆಡುವ ಕಡೆ ಅಡ್ಡಡ್ಡ ಕೊಯ್ದು ಮಡಚಿ. ಈ ಬಟ್ಟೆಯ ಮುಖ್ಯ ಕೆಲಸ ಕಲ್ಲು ಮಣ್ಣಿನಲ್ಲಿ ಹೂತುಹೋಗದಂತೆ ತಡೆಯುವುದು. ಗಾಳಿಯಲ್ಲಿ ಹಾರಿ ಬರುವ ಕಾಂಗ್ರೆಸ್ ಗಿಡದ ಬೀಜ ಮೇಲಿನ ಧೂಳಿನಲ್ಲೂ ಹುಟ್ಟುತ್ತದೆ. ಅದು ಎಳೆಯ ಗಿಡವಾಗಿರುವಾಗಲೇ, ಕೈಗವಸು ಹಾಕಿಕೊಂಡು ಕೀಳಬೇಕು.

ಯಾವ ಕಲ್ಲು?

ಬಿಳಿ ಪೆಬಲ್ಸ್ ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತವೆ. ಅಂಗಳದಲ್ಲಿ ಒಂದು ಮಳೆಗಾಲ ಕಳೆದರೆ ಕೆಂಪು ಮಣ್ಣಿನ ಕಲೆ ಹಿಡಿಯುತ್ತವೆ. ಮಧ್ಯಾಹ್ನದ ಬಿಸಿಲು ಅವುಗಳ ಮೇಲೆ ಬಿದ್ದು ಕಣ್ಣು ಕುಕ್ಕುತ್ತದೆ. ನನ್ನ ಮಾತು ಕೇಳುವುದಾದರೆ ನಮ್ಮದೇ ಬೂದು ಗ್ರಾನೈಟಿನ 20 ಮಿ.ಮೀ. ಜಲ್ಲಿ ತರಿಸಿ. ಅಂತರಗಂಗೆ ಬೆಟ್ಟದ ಬಂಡೆಗಳ ಬಣ್ಣಕ್ಕೆ ಹತ್ತಿರದ್ದು, ನಮ್ಮ ಮಣ್ಣಿಗೆ ಹೊಂದುತ್ತದೆ. ಮೂಲೆಗಳಿರುವ ಜಲ್ಲಿ ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತದೆ. ನುಣುಪಾದ ಗುಂಡುಕಲ್ಲು ಕಾಲಡಿ ಜಾರುತ್ತದೆ. ಪಾಲಾರ್, ಪಿನಾಕಿನಿ ಹೊಳೆಯ ಪಾತ್ರದಿಂದ ಬಗೆದು ತಂದ ಕಲ್ಲನ್ನಂತೂ ಯಾರು ಕೊಟ್ಟರೂ ಕೊಳ್ಳಬೇಡಿ. ಆ ಹೊಳೆಗಳು ಮರಳು ಕಳೆದುಕೊಂಡಿದ್ದು ಸಾಕು.

ಎರಡು ಇಂಚು ದಪ್ಪಕ್ಕೆ 200 ಚದರ ಅಡಿಗೆ ಸುಮಾರು 33 ಘನ ಅಡಿ ಜಲ್ಲಿ ಬೇಕು. ತೂಕದಲ್ಲಿ ಒಂದೂವರೆ ಟನ್. ಬೈಕು, ಕಾರು ನಿಲ್ಲಿಸುವ ಕಡೆ ಕೆಳಗೆ ನಾಲ್ಕು ಇಂಚು ದಪ್ಪಕ್ಕೆ 40 ಮಿ.ಮೀ. ಜಲ್ಲಿ ಹಾಕಿ ಬಡಿದು, ಅದರ ಮೇಲೆ ಇದನ್ನು ಹರಡಿ. ಕ್ರಷರ್‌ನಿಂದ ಬಂದ ಜಲ್ಲಿಗೆ ಕಲ್ಲಿನ ಪುಡಿ ಅಂಟಿರುತ್ತದೆ. ಹಾಗೇ ಸುರಿದರೆ ಅದು ಬಟ್ಟೆಯ ರಂಧ್ರ ಮುಚ್ಚುತ್ತದೆ. ಬಾಂಡ್ಲಿಯಲ್ಲಿ ತೊಳೆದು ಹಾಕಿ. ಅಂಚಿಗೆ ಸೈಜುಗಲ್ಲು ಕೂರಿಸದಿದ್ದರೆ ಜಲ್ಲಿ ಗೇಟಿನಾಚೆ ಚೆದುರುತ್ತದೆ. ಮಧ್ಯದಲ್ಲಿ ನೋಡಲು ಏನಾದರೂ ಬೇಕು ಅನಿಸಿದರೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋಗಿ ಬನ್ನಿ. ಅಲ್ಲಿನ ಶಿಲ್ಪಿಗಳಿಂದ ಒಂದು ಕಲ್ಲಿನ ದೀಪವನ್ನೋ, ಹಕ್ಕಿಗೆ ನೀರಿಡುವ ತೊಟ್ಟಿಯನ್ನೋ ಮಾಡಿಸಬಹುದು.

ಪೂರ್ತಿ ಕಲ್ಲು ಬೇಡ

ಕಲ್ಲು ಹಗಲೆಲ್ಲ ಕಾದು ಸಂಜೆ ಕಾವು ಬಿಡುತ್ತದೆ. ಅಂಗಳ ಪಶ್ಚಿಮಕ್ಕಿದ್ದರೆ ಮನೆಯೊಳಗೂ ಸೆಕೆ. ಹಾಗಾಗಿ ಮೂರರಲ್ಲಿ ಒಂದು ಪಾಲು ಗಿಡಕ್ಕೆ ಬಿಡಿ. ದಾಸವಾಳ, ದೇವಕಣಗಿಲೆ, ಲೋಳೆಸರ, ನಿತ್ಯಪುಷ್ಪ ಬೇರೂರಿದ ಮೇಲೆ ಲಾನಿನಷ್ಟು ನೀರು ಕೇಳುವುದಿಲ್ಲ. ಕಿಟಕಿಗೆ ನೆರಳು ಬೀಳುವಂತೆ ನೆಡಿ. ಹೊಂಗೆ ಮರದ ಕೆಳಗೆ ಮಾತ್ರ ಜಲ್ಲಿ ಹಾಕಬೇಡಿ, ಎಲೆ ಆರಿಸಿ ಸಾಕಾಗುತ್ತದೆ. ಗೋಡೆ ಪಕ್ಕ ದೊಡ್ಡ ಕಲ್ಲುಗಳನ್ನು ಸುಮ್ನೆ ಗುಡ್ಡೆ ಹಾಕುವುದೂ ಬೇಡ. ಚೇಳು, ಹಾವು ಸೇರುವುದು ಅಂಥ ಸಂದಿಗೇ.

ಮೊದಲ ಜೋರು ಮಳೆ ಬಂದಾಗ ಕೊಡೆ ಹಿಡಿದು ನಿಂತು ನೋಡಿ. ಮಳೆ ನಿಂತು ಒಂದು ಗಂಟೆಯಾದರೂ ಎಲ್ಲಾದರೂ ನೀರು ಉಳಿದಿದ್ದರೆ ಅಲ್ಲಿ ಜಲ್ಲಿ ಸರಿಸಿ, ಬಟ್ಟೆ ಎತ್ತಿ, ಮಣ್ಣಿನ ಮಟ್ಟ ಸರಿಮಾಡಿ. ತುಂಗೆ ಮೊಳಕೆ ಕಂಡರೆ ಅದೇ ದಿನ ಕೀಳಿ. ನೆಲ ಒದ್ದೆಯಿದ್ದಾಗ ಗಡ್ಡೆ ಸಮೇತ ಬರುತ್ತದೆ.