ಮುರುಗಲು ಕಾಕ್‌ಟೇಲ್: ಐಸ್ ಹಾಕಲು ಜಿಪುಣತನ ಬೇಡ

ನಮ್ಮ ಶಿರಸಿ ಕಡೆ ಬಿಸಿಲಲ್ಲಿ ಬಂದವರನ್ನು ಮೊದಲು ಕೇಳುವುದು, 'ಆಸರಿಗೆ ಎಂತ ಬೇಕು?' ಅಂತ. ಏಪ್ರಿಲ್, ಮೇ ತಿಂಗಳಾದರೆ ಉತ್ತರಕ್ಕೆ ಕಾಯುವುದೂ ಇಲ್ಲ, ಮುರುಗಲು ಪಾನಕದ ಚೊಂಬು ಹೊರಗೆ ಬಂದೇಬಿಡುತ್ತದೆ. ಮಂಗಳೂರು, ಉಡುಪಿಯವರಿಗೆ ಇದೇ ಪುನರ್ಪುಳಿ. ಬೆಂಗಳೂರಿನ ಅಂಗಡಿಯಲ್ಲಿ ಕೋಕಂ ಅಂತ ಕೇಳಿದರೆ ಸಿಗುತ್ತದೆ. ಈ ಪಾನಕಕ್ಕೆ ಜಿನ್ ಸೇರಿಸುತ್ತೇನೆ ಅಂದರೆ ಊರಲ್ಲಿ ನನ್ನ ದೊಡ್ಡಮ್ಮ ಒಳಗೆ ಬಿಟ್ಟುಕೊಳ್ಳಲಿಕ್ಕಿಲ್ಲ. ಆದರೆ ಬೇಸಿಗೆಯ ಕಾಕ್‌ಟೇಲ್‌ಗೆ ಇದಕ್ಕಿಂತ ಒಳ್ಳೆ ಹಣ್ಣು ನನಗೆ ಇನ್ನೂ ಸಿಕ್ಕಿಲ್ಲ.

ಕಾರಣ ಸರಳ. ಕಲ್ಲಂಗಡಿ, ಕರಬೂಜದಲ್ಲಿ ಸಿಹಿ ಮತ್ತು ನೀರು ಬಿಟ್ಟರೆ ಜಾಸ್ತಿ ಏನಿಲ್ಲ. ಐಸ್ ಸ್ವಲ್ಪ ಕರಗಿತೋ, ರುಚಿಯೂ ಕರಗಿತು. ಮಾವಿನ ರಸ ಮಂದ, ಎರಡು ಗುಟುಕಿಗೆ ಹೊಟ್ಟೆ ತುಂಬಿದ ಹಾಗಾಗುತ್ತದೆ. ಮುರುಗಲಿನಲ್ಲಿ ಹುಳಿ ಗಟ್ಟಿಯಾಗಿದೆ. ಅದರ ಜೊತೆ ಸ್ವಲ್ಪ ಒಗರು, ನೋಡಲು ಕೆಂಪು ಬಣ್ಣ. ನಿಂಬೆಹಣ್ಣು ಹಿಂಡುವ ಅಗತ್ಯವೇ ಬರುವುದಿಲ್ಲ.

ಮೊದಲು ಸಿರಪ್

ತಾಜಾ ಹಣ್ಣು ಸಿಕ್ಕಿದರೆ ಅದೃಷ್ಟ. ಎರಡು ಹೋಳು ಮಾಡಿ, ಬೀಜ ಮತ್ತು ಅದರ ಸುತ್ತಲಿನ ಬಿಳಿ ತಿರುಳು ತೆಗೆದು, ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ ಗಾಜಿನ ಭರಣಿಯಲ್ಲಿ ಜೋಡಿಸಿ. ದಿನಾ ಬಿಸಿಲಿಗೆ ಇಟ್ಟರೆ ಸಕ್ಕರೆ ಸಿಪ್ಪೆಯ ರಸವನ್ನೆಲ್ಲ ಎಳೆದುಕೊಂಡು, ಒಂದು ವಾರದಲ್ಲಿ ಭರಣಿ ತುಂಬ ಕಡುಗೆಂಪು ಪಾಕ ನಿಂತಿರುತ್ತದೆ. ಒಂದು ಹನಿ ನೀರೂ ಬೇಡ.

ಪೇಟೆಯವರಿಗೆ ಒಣ ಸಿಪ್ಪೆಯೇ ಗತಿ. ಕೊಳ್ಳುವಾಗ ಚೂರು ಬಾಯಿಗೆ ಹಾಕಿ ನೋಡಿ. ಅಡುಗೆಗೆಂದು ಮಾರುವ ಸಿಪ್ಪೆಗೆ ಕೆಲವೊಮ್ಮೆ ಉಪ್ಪು ಹಚ್ಚಿರುತ್ತಾರೆ, ಅದು ಪಾನಕಕ್ಕೆ ಆಗುವುದಿಲ್ಲ. 50 ಗ್ರಾಂ ಸಿಪ್ಪೆಯನ್ನು ತೊಳೆದು ಅರ್ಧ ಲೀಟರ್ ಬಿಸಿನೀರಿನಲ್ಲಿ ಮೂರು-ನಾಲ್ಕು ಗಂಟೆ ನೆನೆಸಿ. ಸ್ಟೀಲ್ ಅಥವಾ ಗಾಜಿನ ಪಾತ್ರೆ ಇರಲಿ. ಹುಳಿ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಆಮೇಲೆ ಕೈಯಲ್ಲೇ ಚೆನ್ನಾಗಿ ಕಿವುಚಿ ಸೋಸಿ.

ಮಿಕ್ಸಿಗೆ ಹಾಕಿದರೆ ಬೇಗ ಆಗುತ್ತದಲ್ವಾ ಅಂತ ಕೇಳಬಹುದು. ಬೀಜ ಸಿಕ್ಕಿಕೊಂಡಿರುವ ಸಿಪ್ಪೆಯಾದರೆ ಖಂಡಿತ ಬೇಡ. ಮುರುಗಲು ಬೀಜದಲ್ಲಿ ಕೊಬ್ಬಿದೆ. ಹಳ್ಳಿಯಲ್ಲಿ ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲು ತುಪ್ಪ ಬರುವುದು ಅದರಿಂದಲೇ. ಬೀಜ ಅರೆದ ಪಾನಕ ಫ್ರಿಜ್ಜಿನ ತಂಪಿಗೆ ಮೇಲೆಲ್ಲ ಮೇಣದ ಹಾಗೆ ಕಟ್ಟಿಕೊಳ್ಳುತ್ತದೆ. ಒಮ್ಮೆ ಅವಸರದಲ್ಲಿ ನಾನು ಇದನ್ನು ಮಾಡಿ, ಸೋಸಿ ಸೋಸಿ ಸಾಕಾಗಿ, ಕೊನೆಗೆ ಸಿಂಕಿಗೆ ಸುರಿದಿದ್ದೇನೆ.

ಸೋಸಿದ ನೀರಿಗೆ 250 ಗ್ರಾಂ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಇಳಿಸಿದ ಮೇಲೆ ಹುರಿದು ಪುಡಿ ಮಾಡಿದ ಜೀರಿಗೆ ಒಂದು ಚಮಚ. ಬೆಲ್ಲ ಹಾಕಬಹುದು, ಆದರೆ ಬಣ್ಣ ಮಂಕಾಗುತ್ತದೆ, ಬೆಲ್ಲದ ವಾಸನೆ ಜಿನ್ನಿನ ಜೊತೆ ಜಗಳಕ್ಕೆ ನಿಲ್ಲುತ್ತದೆ. ಪಾನಕಕ್ಕೆ ಬೆಲ್ಲ, ಕಾಕ್‌ಟೇಲ್‌ಗೆ ಸಕ್ಕರೆ, ನನ್ನ ಲೆಕ್ಕ ಇಷ್ಟೇ. ಆರಿದ ಮೇಲೆ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟು ಎರಡು ವಾರದೊಳಗೆ ಮುಗಿಸಿ. ಸುಮಾರು ಹನ್ನೆರಡು ಲೋಟಕ್ಕೆ ಸಾಕು.

ಈಗ ಚಮಚದಲ್ಲಿ ರುಚಿ ನೋಡಿ. ಕಣ್ಣು ಕಿರಿದಾಗುವಷ್ಟು ಹುಳಿ, 'ಇದು ಜಾಸ್ತಿಯಾಯ್ತು' ಅನಿಸುವಷ್ಟು ಸಿಹಿ ಇರಬೇಕು. ನಾಲಿಗೆಗೆ ತಣ್ಣಗಿದ್ದದ್ದರ ಸಿಹಿ ಕಡಿಮೆ ಗೊತ್ತಾಗುತ್ತದೆ. ಮೇಲಿಂದ ಸೋಡಾ, ಐಸ್ ಬೇರೆ ಬರಲಿಕ್ಕಿದೆ. ಚಮಚದಲ್ಲಿ ಹಿತವಾಗಿರುವ ಸಿರಪ್ ಲೋಟದಲ್ಲಿ ಸಪ್ಪೆಯಾಗುತ್ತದೆ.

ಐಸಿನ ವಿಷಯ

ಮನೆಯಲ್ಲಿ ಮಾಡಿದ ಕಾಕ್‌ಟೇಲ್ ಕೆಡುವುದು ಹಣ್ಣಿನಿಂದಲ್ಲ, ಮದ್ಯದಿಂದಲೂ ಅಲ್ಲ. ಐಸಿನಿಂದ. ನೀರಾಗಿಬಿಡುತ್ತದೆ ಅಂತ ಹೆದರಿ ಎರಡೇ ತುಂಡು ಹಾಕುತ್ತೇವೆ. ಆಗುವುದು ಉಲ್ಟಾ. ಲೋಟದಲ್ಲಿರುವುದನ್ನೆಲ್ಲ ತಣ್ಣಗೆ ಮಾಡುವ ಭಾರ ಆ ಎರಡು ತುಂಡಿನ ಮೇಲೆ ಬೀಳುತ್ತದೆ. ಪಾಪ, ಅವು ಪೂರ್ತಿ ಕರಗಿ ನೀರಾಗುತ್ತವೆ, ಪಾನೀಯ ಮಾತ್ರ ಇನ್ನೂ ಉಗುರುಬೆಚ್ಚಗೇ ಇರುತ್ತದೆ. ಬಾಯಿವರೆಗೆ ಐಸ್ ತುಂಬಿದರೆ ಒಂದಕ್ಕೊಂದು ತಾಗಿಕೊಂಡು ಲೋಟ ಬೇಗ ತಂಪಾಗುತ್ತದೆ, ಆಮೇಲೆ ಕರಗುವುದು ನಿಧಾನ. ತುಂಡುಗಳು ದೊಡ್ಡದಿದ್ದಷ್ಟೂ ಒಳ್ಳೆಯದು. ಸ್ಟೀಲ್ ಬಟ್ಟಲಲ್ಲಿ ನೀರಿಟ್ಟು ಗಟ್ಟಿ ಮಾಡಿ, ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಒಡೆದುಕೊಳ್ಳಿ. ಫ್ರೀಜರಿನಿಂದ ತೆಗೆದ ಕೂಡಲೇ ಬಳಸಿ, ತಟ್ಟೆಯಲ್ಲಿಟ್ಟು ಬೆವರಲು ಬಿಡಬೇಡಿ.

ಸಿರಪ್, ಸೋಡಾ, ಲೋಟ ಎಲ್ಲ ಮೊದಲೇ ಫ್ರಿಜ್ಜಿನಲ್ಲಿರಲಿ. ಜಿನ್ ಬಾಟಲಿಯನ್ನು ಫ್ರೀಜರಿನಲ್ಲೇ ಇಡಬಹುದು. ನಮ್ಮಲ್ಲಿ ಸಿಗುವ ಹೆಚ್ಚಿನ ಜಿನ್‌ಗಳಲ್ಲಿ ಮದ್ಯಸಾರ ಶೇ 42.8. ಮನೆಯ ಫ್ರೀಜರಿನ ಚಳಿಗೆ ಅದು ಗಟ್ಟಿಯಾಗುವುದಿಲ್ಲ.

ಬೆರೆಸುವುದು

ಒಂದು ಲೋಟಕ್ಕೆ 45 ಮಿಲಿಲೀಟರ್ ಜಿನ್, ಅಷ್ಟೇ ಸಿರಪ್, 120 ಮಿಲಿಲೀಟರ್ ಸೋಡಾ. ಸಣ್ಣ ಪೆಗ್ ಅಂದರೆ 30, ಹಾಗಾಗಿ ಇದು ಒಂದೂವರೆ ಪೆಗ್. ಅಳತೆಗೆ ಕೆಮ್ಮಿನ ಸಿರಪ್ ಜೊತೆ ಬರುವ ಗೆರೆ ಹಾಕಿದ ಮುಚ್ಚಳ ಸಾಕು, ತೊಳೆದಿರಬೇಕು ಅಷ್ಟೆ. ಕಣ್ಣಂದಾಜಿಗೆ ಸುರಿಯಬೇಡಿ. ಎರಡನೇ ಲೋಟದ ಹೊತ್ತಿಗೆ ಕಣ್ಣಂದಾಜು ಉದಾರವಾಗುತ್ತದೆ.

ಭದ್ರವಾದ ಮುಚ್ಚಳದ ಸ್ಟೀಲ್ ಡಬ್ಬಿಗೆ ಅರ್ಧ ಐಸ್ ತುಂಬಿ, ಜಿನ್ ಮತ್ತು ಸಿರಪ್ ಹಾಕಿ, ಡಬ್ಬಿಯ ಹೊರಮೈ ಮಂಜು ಕಟ್ಟುವವರೆಗೆ ಜೋರಾಗಿ ಕುಲುಕಿ. 15 ಸೆಕೆಂಡ್ ಸಾಕು. ಇಲ್ಲಿ ಒಂದಿಷ್ಟು ಐಸ್ ಕರಗಿಯೇ ಕರಗುತ್ತದೆ. ಕರಗಲಿ, ಮದ್ಯದ ಘಾಟು ಮೆತ್ತಗಾಗಲು ಆ ನೀರು ಬೇಕು. ಟೀ ಜರಡಿಯಲ್ಲಿ ಸೋಸುತ್ತಾ, ಹೊಸ ಐಸ್ ತುಂಬಿದ ಎತ್ತರದ ಲೋಟಕ್ಕೆ ಹಾಕಿ. ಸೋಡಾವನ್ನು ಕೊನೆಗೆ, ಲೋಟದ ಅಂಚಿನಿಂದ ನಿಧಾನಕ್ಕೆ ಇಳಿಸಿ. ಡಬ್ಬಿಗೆ ಮಾತ್ರ ಸೋಡಾ ಹಾಕಬೇಡಿ. ಕುಲುಕಿದರೆ ಮುಚ್ಚಳ ಹಾರುತ್ತದೆ. ನಮ್ಮ ಅಡುಗೆಮನೆಯ ಸುಣ್ಣದ ಗೋಡೆಯ ಮೇಲಿನ ಗುಲಾಬಿ ಕಲೆ ಇದಕ್ಕೆ ಸಾಕ್ಷಿ. ಬಿಳಿ ಅಂಗಿ ಹಾಕಿಕೊಂಡು ಈ ಕೆಲಸಕ್ಕೆ ಇಳಿಯಬೇಡಿ ಅಂತಲೂ ಸೇರಿಸುತ್ತೇನೆ.

ಮೇಲಿಂದ ಉದ್ದಕ್ಕೆ ಸೀಳಿದ ಅರ್ಧ ಹಸಿಮೆಣಸು, ಚಿಟಿಕೆ ಉಪ್ಪು. ಈ ಉಪಾಯ ಗೋವಾದ್ದು. ಅಲ್ಲಿ ಬೇಸಿಗೆಯಲ್ಲಷ್ಟೇ ಉರ್ರಾಕ್ ಬರುತ್ತದೆ, ಗೋಡಂಬಿ ಹಣ್ಣಿನ ರಸವನ್ನು ಹುಳಿಬರಿಸಿ ಮೊದಲ ಸಲ ಭಟ್ಟಿ ಇಳಿಸಿದಾಗ ಸಿಗುವ ಮದ್ಯ. ಅದನ್ನೇ ಇನ್ನೊಮ್ಮೆ ಇಳಿಸಿದರೆ ಫೆನ್ನಿ. ಉರ್ರಾಕ್‌ಗೆ ನಿಂಬೆ ಸೋಡಾ, ಉಪ್ಪು, ಸೀಳಿದ ಹಸಿಮೆಣಸು ಹಾಕಿಕೊಂಡು ಕುಡಿಯುವುದು ಅಲ್ಲಿನ ವಾಡಿಕೆ. ಜಿನ್ ಬದಲು ಫೆನ್ನಿ ಹಾಕಿಯೂ ನೋಡಿದ್ದೇನೆ. ಅದರ ವಾಸನೆಯ ಮುಂದೆ ಮುರುಗಲು ಸೋತಿತು. ವೋಡ್ಕಾ ಆಗಬಹುದು, ಆದರೆ ಅದು ಸುಮ್ನೆ ಒಳಗೆ ಕೂತಿರುತ್ತದೆ, ಹೊಸದೇನೂ ಕೊಡುವುದಿಲ್ಲ.

ಬಾಯಾರಿಕೆಗೆ ಇದು ಮದ್ದಲ್ಲ. ಮದ್ಯ ಮೈಯ ನೀರನ್ನು ಹೊರಗೆ ಕಳಿಸುತ್ತದೆ. ಬಿಸಿಲಿಂದ ಬಂದವರು ಮೊದಲು ಎರಡು ಲೋಟ ನೀರು ಕುಡಿಯಲಿ, ಸಂಜೆ ತಂಪಾದ ಮೇಲೆ ಇದು. ಕುಡಿಯದವರಿಗೆ, ಗಾಡಿ ಓಡಿಸುವವರಿಗೆ, ಮಕ್ಕಳಿಗೆ 60 ಮಿಲಿಲೀಟರ್ ಸಿರಪ್, ಮೇಲೆ ಸೋಡಾ ಅಥವಾ ತಣ್ಣೀರು, ಒಂದು ಚಿಟಿಕೆ ಕಾಳುಮೆಣಸಿನ ಪುಡಿ. ಮನೆಗೆ ಬಂದವರಲ್ಲಿ ಅರ್ಧ ಜನ ಇದನ್ನೇ ಎರಡನೇ ಸಲ ಕೇಳುತ್ತಾರೆ.

ಹಾಂ, ಕಿವುಚಿದ ಸಿಪ್ಪೆ ಎಸೆಯಬೇಡಿ. ಅದರಲ್ಲಿ ಇನ್ನೂ ಹುಳಿ ಉಳಿದಿರುತ್ತದೆ. ಮಾರನೇ ದಿನ ನೀರು, ಚೂರು ಬೆಲ್ಲ, ಉಪ್ಪು, ಹಸಿಮೆಣಸು ಹಾಕಿ ಕುದಿಸಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟರೆ ತಿಳಿಸಾರು ತಯಾರು. ಅದನ್ನು ದೊಡ್ಡಮ್ಮನಿಗೂ ಬಡಿಸಬಹುದು.