ಸಿಮೆಂಟ್ ಶೀಟು, ತಗಡಿನ ಪತ್ರಾಸಿನ ಮನೆಗಳ ಬಿಸಿಲು ತಡೆದದ್ದು: ಬಡವರ ಕೈಗೆಟಕುವ ಖರ್ಚಿನಲ್ಲಿ ನನ್ನ ಅನುಭವ

ಸಿಮೆಂಟ್ ಶೀಟಿನ ಮನೆಗೆ ಬಿಸಿಲು ತಡೆಯುವ ಬಿಳಿ ಲೇಪನವನ್ನು ಚದರಡಿಗೆ ₹4ರೊಳಗಿನ ಸಾಮಗ್ರಿಯಲ್ಲಿ ಮುಗಿಸಬಹುದೆಂದು ನಾನು ಹೇಳಿದಾಗ, ಕಲಬುರಗಿಯಲ್ಲಿ ನನ್ನೊಡನೆ ಪೇಂಟಿಂಗ್ ಗುತ್ತಿಗೆ ಮಾಡುವ ಬಹುತೇಕರು ಒಪ್ಪಲಿಲ್ಲ. ಸುಣ್ಣ ಮೃಗಶಿರ ಮಳೆಗೇ ತೊಳೆದುಹೋಗುತ್ತದೆ, ಕೂಲಿಕಾರರು ದುಡ್ಡು ಕೊಡುವುದಿಲ್ಲ, ಕೆಟ್ಟ ಹೆಸರು ಮಾತ್ರ ನಿಮಗೆ ಉಳಿಯುತ್ತದೆ ಎಂದರು. ಈಗ ಮೂರು ಮಳೆಗಾಲ ಕಳೆದಿವೆ. ಮೊದಲು ಬಳಿದ ಓಣಿಯ ಚಾವಣಿಗಳಲ್ಲಿ ಮುಕ್ಕಾಲು ಪಾಲು ಇನ್ನೂ ಬೆಳ್ಳಗಿವೆ, ಬರಬೇಕಾದ ಹಣದಲ್ಲಿ ಹೆಚ್ಚುಕಡಿಮೆ ಎಲ್ಲವೂ ಬಂದಿದೆ. ಆದ್ದರಿಂದ ಇದೇ ಕೆಲಸದಲ್ಲಿರುವವರಿಗಾಗಿ ಬರೆಯುತ್ತಿದ್ದೇನೆ.

ಅಹಮದಾಬಾದಿನಲ್ಲಿ 2013ರಿಂದಲೇ ಬಿಸಿಗಾಳಿ ಎದುರಿಸುವ ಯೋಜನೆಯಿದೆ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿಯನ್ನು ತಂದಿತು. ಆ ಸುದ್ದಿಗಳನ್ನು ಓದಿದ ಮೇಲೆ ನಾನು ಮೊದಲು ವಿಚಾರಿಸಿದ್ದು ಅಂಗಡಿಯಲ್ಲಿ ಸಿಗುವ ಸಿದ್ಧ ಲೇಪನವನ್ನು. ಕೂಲಿ ಸೇರಿ ಚದರಡಿಗೆ ₹16ರಿಂದ ₹20 ಬೀಳುತ್ತಿತ್ತು. 250 ಚದರಡಿಯ ಚಾವಣಿಗೆ ನಾಲ್ಕೈದು ಸಾವಿರ ರೂಪಾಯಿ ಎಂದರೆ, ಹಮಾಲಿ ಕೆಲಸದ ಮನೆಯವರು ಆ ಮಾತನ್ನು ಮುಂದಕ್ಕೆ ಕೇಳುವುದೇ ಇಲ್ಲ.

ಸುಣ್ಣದ ಕಡೆ ಹೊರಳಿದಾಗ ಮೊದಲ ವರ್ಷ ಪೂರ್ತಿ ವೈಫಲ್ಯದಲ್ಲಿಯೇ ಹೋಯಿತು. ಗಂಜಿ ಮತ್ತು ಉಪ್ಪು ಬೆರೆಸುವ ಹಳೆಯ ಪದ್ಧತಿ ಗೋಡೆಗೆ ಸರಿ. ಚಾವಣಿಯ ಮೇಲೆ ಗಂಜಿಗೆ ಬೂಷ್ಟು ಹಿಡಿಯಿತು, ಉಪ್ಪಿನಿಂದ ಬೋಲ್ಟುಗಳು ತುಕ್ಕು ಹಿಡಿದವು. ಬಡಗಿಗಳು ಬಳಸುವ ಬಿಳಿ ಅಂಟನ್ನು ಸೇರಿಸಿದೆ. ಒಣಗಿದಾಗ ಉಗುರಿಗೂ ಬಾರದಷ್ಟು ಗಟ್ಟಿಯಾಗಿದ್ದ ಆ ಪದರವು ಎರಡು ದಿನ ಸತತವಾಗಿ ಮಳೆ ಹಿಡಿದ ಕೂಡಲೇ ಮೆತ್ತಗಾಗಿ ಹಾಲಿನಂತೆ ಹರಿದುಹೋಯಿತು. ಆ ಎರಡು ಪ್ರಯೋಗಗಳಲ್ಲಿ ನನ್ನ ಕೈಯಿಂದ ಸುಮಾರು ₹18,000 ಹೋಗಿರಬೇಕು. ಕೊನೆಗೆ ನಿಂತದ್ದು ನೀರು ಸೋರದಂತೆ ಹಾಕುವ ಅಕ್ರಿಲಿಕ್ ದ್ರಾವಣವನ್ನು ಬೆರೆಸಿದ ಸುಣ್ಣ. ಮೊದಲ ಪದರ ತೀರಾ ತೆಳ್ಳಗಿರಬೇಕು, ಮುಂದಿನ ಎರಡು ಪದರಗಳಲ್ಲಿ ಆ ದ್ರಾವಣದ ಪ್ರಮಾಣ ಬದಲಾಗುತ್ತದೆ. ಆ ಪ್ರಮಾಣವನ್ನೂ, ಕೊನೆಯ ಪದರಕ್ಕೆ ನಾನು ಸೇರಿಸುವ ಇನ್ನೊಂದು ವಸ್ತುವನ್ನೂ ಇಲ್ಲಿ ಬರೆಯುವುದಿಲ್ಲ. ಅದು ನನ್ನ ದುಡಿಮೆಯ ಗಳಿಕೆ. ಸಾಮಗ್ರಿಯ ಖರ್ಚು ಚದರಡಿಗೆ ₹3.50ರ ಆಸುಪಾಸು, ಅಂದರೆ ಒಂದು ಮನೆಗೆ ₹900ರ ಹತ್ತಿರ ಬರುತ್ತದೆ.

ಸಿಮೆಂಟ್ ಶೀಟನ್ನು ಒಣಗಿದ್ದಾಗ ಯಾರೂ ಉಜ್ಜಬಾರದು. ಇಂಥ ಶೀಟುಗಳಲ್ಲಿ ಹೆಚ್ಚಾಗಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಹೊರಬರುವುದಿಲ್ಲ. ಚೆನ್ನಾಗಿ ನೀರು ಹಾಕಿ, ಮೆತ್ತನೆಯ ಪೊರಕೆಯಿಂದ ಪಾಚಿ ತೆಗೆಯುವುದಷ್ಟೇ ಸಾಕು. ಶೀಟಿನ ಮೇಲೆ ನೇರವಾಗಿ ಕಾಲಿಡದೆ, ಕೆಳಗಿನ ತೊಲೆಗಳ ಮೇಲೆ ಭಾರ ಬೀಳುವಂತೆ ಹಲಗೆ ಹಾಸಿಕೊಂಡೇ ಕೆಲಸ ಮಾಡಬೇಕು ಎಂಬುದನ್ನು ನಾನು ಹೊಸ ಹುಡುಗರಿಗೆ ದಿನವೂ ಹೇಳುತ್ತೇನೆ.

ಪತ್ರಾಸಿನ, ಅಂದರೆ ಸತು ಲೇಪಿಸಿದ ತಗಡಿನ, ವಿಷಯ ಬೇರೆ. ಹಸಿ ಸುಣ್ಣ ಸತುವಿನ ಲೇಪವನ್ನು ತಿನ್ನುತ್ತದೆ, ಹಿಡಿದುಕೊಳ್ಳುವುದೂ ಇಲ್ಲ. ಅದಕ್ಕೆ ಸೋಪಿನ ನೀರಿನಲ್ಲಿ ಜಿಡ್ಡು ತೆಗೆದು, ಪ್ರೈಮರ್ ಹಾಕಿ, ಹೊರಗೋಡೆಗೆ ಬಳಸುವ ಬಿಳಿ ಅಕ್ರಿಲಿಕ್ ಬಣ್ಣವನ್ನು ಎರಡು ಸಲ ಬಳಿಯಬೇಕು. ಸಾಮಗ್ರಿಗೇ ಚದರಡಿಗೆ ₹8 ತಗಲುತ್ತದೆ. ಹೊಳೆಯುವ ಹೊಸ ಪತ್ರಾಸು ತಾನೇ ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ, ಬಣ್ಣವೇಕೆ ಎಂದು ಹಲವರು ಕೇಳುತ್ತಾರೆ. ಅದು ಹೀರಿಕೊಂಡ ಸ್ವಲ್ಪ ಶಾಖವನ್ನೂ ಬೇಗ ಹೊರಬಿಡುವುದಿಲ್ಲ, ಆದ್ದರಿಂದ ಕಾದೇ ಇರುತ್ತದೆ. ಅಳೆಯುವವರು ಇಲ್ಲೊಂದು ಎಚ್ಚರ ವಹಿಸಬೇಕು: ಹೊಳೆಯುವ ಲೋಹಕ್ಕೆ ತಾಪ ಅಳೆಯುವ ಗನ್ ಹಿಡಿದರೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಕಪ್ಪು ಇನ್ಸುಲೇಷನ್ ಟೇಪಿನ ತುಂಡೊಂದನ್ನು ಅಂಟಿಸಿ ಅದರ ಮೇಲೆ ಅಳೆಯಬೇಕು. ಹಾಗೆ ಅಳೆದಾಗ ಮೇ ತಿಂಗಳ ಮಧ್ಯಾಹ್ನ ಬಣ್ಣವಿಲ್ಲದ ಪತ್ರಾಸಿನ ಒಳಮೈ 58ರ ಹತ್ತಿರ, ಬಳಿದದ್ದು 44ರ ಹತ್ತಿರ ಇತ್ತು. ಕೋಣೆಯ ಗಾಳಿಯಲ್ಲಿ ಮೂರು ನಾಲ್ಕು ಡಿಗ್ರಿ ವ್ಯತ್ಯಾಸ. ಅಷ್ಟು ಇಳಿದರೂ ಮಧ್ಯಾಹ್ನ ಹೊಲಿಗೆ ಯಂತ್ರದ ಮುಂದೆ ಕೂರಲಾಗದ ಹೆಣ್ಣುಮಕ್ಕಳು ಕೂರುವಂತಾಯಿತು. ನನಗೆ ಎಲ್ಲಕ್ಕಿಂತ ದೊಡ್ಡ ಫಲ ಅದೇ.

ಮಳೆಯ ಬಾಬತ್ತು ಇದರ ಜೊತೆಯಲ್ಲಿಯೇ ಮುಗಿಯಬೇಕು. ಸೋರುವುದು ಹೆಚ್ಚಾಗಿ ಬೋಲ್ಟಿನ ತೂತುಗಳಲ್ಲಿ. ಪಂಕ್ಚರ್ ಅಂಗಡಿಯಲ್ಲಿ ಬಿಸಾಡುವ ಹಳೆಯ ಟ್ಯೂಬನ್ನು ಕತ್ತರಿಸಿ ವಾಷರ್ ಮಾಡಿ, ಮೇಲೆ ಅದೇ ಬಿಳಿ ಬಣ್ಣ ಹಚ್ಚಿದರೆ ಬಿಸಿಲಿಗೆ ಸೀಳುವುದಿಲ್ಲ. ಖರ್ಚು ಲೆಕ್ಕಕ್ಕೆ ಬಾರದಷ್ಟು.

ಒಳಗಿನ ಸೂರಿನ ಪ್ರಯೋಗಗಳನ್ನೂ ಮಾಡಿದೆ. ಥರ್ಮೋಕೋಲ್ ಚೆನ್ನಾಗಿ ಕೆಲಸ ಮಾಡಿತು, ಆದರೆ ಒಲೆ ಉರಿಯುವ ಒಂದೇ ಕೋಣೆಯ ಮನೆಯಲ್ಲಿ ಅದು ಬೆಂಕಿಗೆ ಆಹ್ವಾನ, ಅದನ್ನು ತೆಗೆಸಿದೆ. ಜೋಳದ ಕಣಕಿಯನ್ನು ಹೆಣೆದು ಕಟ್ಟಿದ್ದು ತಂಪಾಗಿತ್ತಾದರೂ ಇಲಿಗಳು ಸೇರಿಕೊಂಡವು. ಗೋಣಿಚೀಲಗಳನ್ನು ಬಿಚ್ಚಿ ಹೊಲಿದು, ಸುಣ್ಣದ ನೀರಿನಲ್ಲಿ ಅದ್ದಿ, ಚಾವಣಿಯಿಂದ ಒಂದು ಗೇಣು ಕೆಳಗೆ ಎಳೆದು ಕಟ್ಟಿದ್ದು ಈಗಲೂ ಕೆಲವು ಮನೆಗಳಲ್ಲಿದೆ. ಶಹಾಬಾದ್ ಪರಸಿ ಹಾಸಿದ ಮಾಳಿಗೆಗಳ ಮೇಲೂ ಇದೇ ಸುಣ್ಣವನ್ನು ಈ ವರ್ಷ ಬಳಿದಿದ್ದೇನೆ. ಕಲ್ಲು ಹಗಲಿನ ಶಾಖವನ್ನು ರಾತ್ರಿಯವರೆಗೆ ಹಿಡಿದಿಡುವುದರಿಂದ ಅಲ್ಲಿ ಲಾಭ ತಿಳಿಯುವುದು ಮಲಗುವ ಹೊತ್ತಿಗೆ.

ಹಣದ ವಿಷಯದಲ್ಲಿ ನಾನು ಕಂಡುಕೊಂಡದ್ದೇನೆಂದರೆ, ಬಡವರಿಗೆ ಭಾರವಾಗುವುದು ಸುಣ್ಣದ ಬೆಲೆಗಿಂತ ಆಳಿನ ಕೂಲಿ, ಮತ್ತು ದುಡ್ಡು ಕೇಳುವ ಹೊತ್ತು. ಒಬ್ಬ ಪೇಂಟರಿಗೆ ದಿನಕ್ಕೆ ₹800 ಕೊಟ್ಟು ಒಂದೊಂದೇ ಮನೆ ಮಾಡಿದರೆ ಲೆಕ್ಕ ಕೂಡುವುದಿಲ್ಲ. ನಾನು ಒಂದು ಓಣಿಯ ಹತ್ತು ಹನ್ನೆರಡು ಮನೆಗಳನ್ನು ಒಟ್ಟಿಗೆ ಹಿಡಿಯುತ್ತೇನೆ. ನೀರು ತುಂಬುವುದು, ಸುಣ್ಣ ಸೋಸುವುದು, ಕೆಳಗೆ ನಿಂತು ಎಟಕುವಷ್ಟು ಅಂಚನ್ನು ಬಳಿಯುವುದು ಮನೆಯವರ ಪಾಲು. ಮೇಲೇರುವುದು ನನ್ನ ಇಬ್ಬರು ಹುಡುಗರು. ನನ್ನ ಕೂಲಿ ಮನೆಗೆ ₹350ಕ್ಕೆ ಇಳಿಯಿತು. ಹಣವನ್ನು ಮಹಿಳಾ ಸ್ವಸಹಾಯ ಸಂಘದ ಮೂಲಕ ವಾರಕ್ಕೆ ₹50ರಂತೆ, ತೊಗರಿಯ ರಾಶಿ ನಡೆದು ಕೈಯಲ್ಲಿ ಕೂಲಿ ಓಡಾಡುವ ಜನವರಿಯಿಂದಲೇ ಕೂಡಿಸುತ್ತೇವೆ. ಬಿಸಿಲು ಏರಿದ ಮೇಲೆ ಕೇಳಿದರೆ ಆ ದುಡ್ಡು ಆಗಲೇ ಬೇರೆ ಕಡೆ ಹೋಗಿರುತ್ತದೆ.

ಬಾಡಿಗೆ ಮನೆಗಳದು ತೊಡಕು. ಸೆಕೆ ಬಾಡಿಗೆಯವರಿಗೆ, ಚಾವಣಿ ಮಾಲೀಕರಿಗೆ. ಚಾವಣಿಯ ಬಾಳಿಕೆ ಹೆಚ್ಚುತ್ತದೆಂದು ಮಾಲೀಕರಿಗೆ ತೋರಿಸಿ, ಸಾಮಗ್ರಿಯ ಹಣವನ್ನು ಎರಡು ತಿಂಗಳ ಬಾಡಿಗೆಯಲ್ಲಿ ಮುರಿದುಕೊಳ್ಳಲು ಒಪ್ಪಿಸುತ್ತೇನೆ. ಜೊತೆಗೆ ಬಾಡಿಗೆ ಏರಿಸುವುದಿಲ್ಲವೆಂದು ಒಂದು ವರ್ಷದ ಮಟ್ಟಿಗೆ ಬರೆಸಿಕೊಳ್ಳುತ್ತೇನೆ. ಅರ್ಧದಷ್ಟು ಮಾಲೀಕರು ಒಪ್ಪುತ್ತಾರೆ.

ಮಾಡಲಿಚ್ಛಿಸುವವರು ಫೆಬ್ರವರಿಯಲ್ಲಿಯೇ ಮಾಡಿರಿ. ಸುಣ್ಣ ಗಟ್ಟಿಯಾಗಲು ತೇವ ಬೇಕು. ಏಪ್ರಿಲ್ ಬಿಸಿಲಿನಲ್ಲಿ ಬಳಿದದ್ದು ಒಣಗಿ ಪುಡಿಯಾಗುತ್ತದೆ. ಬೆಳಿಗ್ಗೆ ಹತ್ತರೊಳಗೆ ಬಳಿದು, ಮರುದಿನದಿಂದ ಮೂರು ಸಂಜೆ ನೀರು ಚಿಮುಕಿಸಿರಿ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇರಲಿ. ದಾಲ್‌ಮಿಲ್‌ಗಳ ಹತ್ತಿರದ ಓಣಿಗಳಲ್ಲಿ ಧೂಳು ಕೂತು ಬಿಳುಪು ಬೇಗ ಮಾಸುವುದರಿಂದ, ಅಲ್ಲಿ ಪ್ರತಿ ವರ್ಷ ತೊಳೆದು ಒಂದು ಪದರ ಹೊಸದಾಗಿ ಕೊಡಬೇಕಾಗುತ್ತದೆ. ಅದಕ್ಕೆ ₹300 ಸಾಕು.